ಕೌರಮ್ಮ, ಲೈನ್ ಮೂರು

ರಾತ್ರಿ ಒಂದೂವರೆವರೆಗೆ ಕನಕಾಂಬರ ಕಟ್ಟಿದೆವು
ನಾನೂ ಅಮ್ಮನೂ, ನಡುವೆ ಬಾಳೆನಾರು ನೆನೆಸಿದ ಬೋಗುಣಿ.
ನಾಳಿದ್ದು ಒಂದೇ ದಿನ ಮೂರು ಮುಹೂರ್ತ.
ಕೊನೆಯ ಮೊಳ ಯಾರು ಕಟ್ಟಿದರೋ ನೆನಪಿಲ್ಲ.
ನಾಲ್ಕೂವರೆಗೆ ಅಲಾರಂ ಕೂಗಿದಾಗ
ಪಕ್ಕದ ಮನೆಯವರನ್ನು ಕರೆಯುತ್ತಿದೆ ಅಂದುಕೊಂಡೆ.

ಮತ್ತಿಗಿರಿ ಕೂಟ್ ರೋಡಿನಲ್ಲಿ ಕಂಪನಿ ಬಸ್ಸು.
ಹೊಸೂರು ಬರುವವರೆಗೆ ಯಾರೂ ಮಾತಾಡಲಿಲ್ಲ,
ಕಿಟಕಿಗಾಜಿನ ಮೇಲೆ ಹಣೆಯ ಎಣ್ಣೆಗುರುತು ಸಾಲಾಗಿ.

ಗೇಟಿನಲ್ಲಿ ಬಿಲ್ಲೆ ಕೊಟ್ಟರು, ಹೆಸರು ತಮಿಳಿನಲ್ಲಿ.
ಅಲ್ಲಿ ಕಕಾರಕ್ಕೂ ಗಕಾರಕ್ಕೂ ಒಂದೇ ಅಕ್ಷರ.
ಸೂಪರ್‌ವೈಸರ್ ಎಳಿಲರಸಿ ಕೂಗಿದಳು: ಕೌರಮ್ಮ. ಕೌರಮ್ಮ!
ಮೂರನೆಯ ಸಲ ಹೊಳೆಯಿತು, ನಾನೇ ಅದು.

ಬಳೆ ತೆಗೆಸಿದರು. ನೀಲಿ ಕೋಟು, ಟೋಪಿ,
ಮಣಿಕಟ್ಟಿಗೊಂದು ಪಟ್ಟಿ, ಪಟ್ಟಿಯಿಂದೊಂದು ತಂತಿ
ಮೇಜಿನಡಿ ಇಳಿದು ನೆಲದೊಳಗೆ ಹೋಗುತ್ತದಂತೆ.
ಮೈಯಲ್ಲಿರುವ ಕರೆಂಟು ಬೋರ್ಡನ್ನು ಕೊಲ್ಲುತ್ತದೆ, ಎಂದಳು.
ನಗು ಬಂತು ನನಗೆ,
ಒಂದು ಬೀಡಿ ಹಚ್ಚುವಷ್ಟೂ ಕಿಡಿ ಇರಲಿಲ್ಲ ಇವತ್ತು ಈ ಮೈಯಲ್ಲಿ.

ರೀಲು ಬಿಚ್ಚಿದರೆ ರಾಗಿಕಾಳಿಗಿಂತ ಸಣ್ಣ ಚೂರುಗಳು.
ಆಕಳಿಸಿದೆ. ಒಂದು ಹಾರಿಯೇ ಹೋಯಿತು.
ಬಗ್ಗಿ ಹುಡುಕುತ್ತಿದ್ದರೆ, ಬಿಡು, ಎಂದಳು,
ಅದು ಹದಿನೈದು ಪೈಸೆ, ನಿನ್ನ ನಿಮಿಷಕ್ಕೆ ಬೆಲೆ ಜಾಸ್ತಿ.
ಯಾರೂ ಹಾಗೆ ಹೇಳಿರಲಿಲ್ಲ ಈವರೆಗೆ.
ಮೆಚ್ಚಿ ಹೇಳಿದ್ದೋ, ಬೈದದ್ದೋ
ತಿಳಿಯುವಷ್ಟು ಎಚ್ಚರವಿರಲಿಲ್ಲ.

ಮೈಕ್ರೋಸ್ಕೋಪಿಗೆ ಕಣ್ಣು ಕೊಟ್ಟೆ.
ಐರನ್ನಿನ ಮೊನೆ ನೇಗಿಲಷ್ಟು ದಪ್ಪ,
ಅದು ಅಲ್ಲಾಡುತ್ತಿತ್ತು.
ಹೆದರಿಕೆ ಅಲ್ಲ. ಮಿಡಿತ.
ನನ್ನ ನಾಡಿ ಬೆರಳು ದಾಟಿ ಕಬ್ಬಿಣದ ತುದಿಯವರೆಗೂ ಬಂದು
ತಟ್ಟುತ್ತಿತ್ತು, ತಟ್ಟುತ್ತಿತ್ತು.
ಇಪ್ಪತ್ತಮೂರು ವರ್ಷ ಒಳಗೇ ಇದ್ದದ್ದು
ಮೊದಲ ಸಲ ಕಣ್ಣಿಗೆ ಬಿತ್ತು.

ರಾಳದ ಹೊಗೆ ಮೂಗಿಗೇರಿತು.
ಶುಕ್ರವಾರದ ಸಾಂಬ್ರಾಣಿ ಅಂದುಕೊಂಡು
ರೆಪ್ಪೆ ತಾನಾಗಿ ಕೈಮುಗಿಯಿತು.
ತೆರೆದಾಗ, ಸೇರಬಾರದ ಎರಡು ಕಾಲು
ಬೆಳ್ಳಿ ಕುಡಿದು ಸೇರಿಹೋಗಿದ್ದವು.

ಊಟದ ಹೊತ್ತಿಗೆ ಐದು ಬೋರ್ಡು, ಐದಕ್ಕೂ ಕೆಂಪು ಬಾಣದ ಚೀಟಿ.
ಒಂದೊಂದರ ಮೇಲೂ ನಾಲ್ಕು, ಆರು.
ಇದನ್ನು ನೋಡು, ಬೂದು ಬಣ್ಣ, ಮಂಕು, ಎಂದಳು.
ತಣ್ಣನೆ ಬೆಸುಗೆ.
ಹಿಡಿದ ಹಾಗೆ ಕಾಣುತ್ತೆ, ಹಿಡಿದಿರಲ್ಲ.
ಮೊಸರನ್ನ ಗಂಟಲಲ್ಲಿ ಇಳಿಯಲಿಲ್ಲ.

ಪಕ್ಕದ ಸ್ಟೂಲಿನ ಅರ್ಪುತಮೇರಿಗೆ ಹನ್ನೊಂದು ವರ್ಷದ ಸರ್ವೀಸು.
ತಲೆಯೆತ್ತದೆ, ತುಟಿಯನ್ನೂ ಅಷ್ಟಾಗಿ ಆಡಿಸದೆ ಹೇಳಿದಳು:
ಮೂಚ್ಚೈ ವಿಡು. ಅಪ್ಪುರಂ ತೊಡು.
ಉಸಿರು ಬಿಟ್ಟೆ. ಒಂದು ಮಿಡಿತ ಹೋಗಲಿ ಅಂತ ಕಾದೆ.
ಮುಂದಿನದು ಬರುವ ಮೊದಲು
ಕಿರಿದೊಂದು ಬಯಲು. ಅಲ್ಲಿ ಮುಟ್ಟಿದೆ.
ಸೀಸ ಕರಗಿ, ಹರಿದು, ಬುಡಕ್ಕೆ ತಾನೇ ಒರಗಿ
ಫಕ್ಕನೆ ಹೊಳೆಯಿತು.
ನಾರು ಬಿಗಿಯುವ ಮುಂಚೆ ಅಮ್ಮನೂ ಹೀಗೆ
ಹ್ಞೂಂ ಎಂದು ಉಸಿರು ಚೆಲ್ಲುತ್ತಾಳೆ,
ಸುಸ್ತು ಅಂದುಕೊಂಡಿದ್ದೆ ನಾನು.

ಎಂಟನೆಯದಕ್ಕೆ ಬಾಣ ಬೀಳಲಿಲ್ಲ.
ಯಾರೂ ಏನೂ ಅನ್ನದೆ ಟ್ರೇಯಲ್ಲಿ ಒಯ್ದರು.
ಇದು ಯಾವುದರೊಳಗೆ ಹೋಗುತ್ತೆ, ಕೇಳಿದೆ.
ಯಾವುದರೊಳಗೋ, ಎಂದಳು ಅರ್ಪುತಮೇರಿ.

ಬಸ್ಸಿನಲ್ಲಿ ಯಾರದೋ ಹೆಗಲು.
ಎಚ್ಚರಾದಾಗ ಎರಡು ಸ್ಟಾಪು ಮುಂದೆ, ದೆಂಕಣಿಕೋಟೆ ದಾರಿ.
ಇಳಿದು ಹಿಂದಕ್ಕೆ ನಡೆಯುತ್ತ ಫೋನು ಮಾಡಿದೆ:
ಹೂ ಎಷ್ಟು ಬಂದಿದೆ ಇವತ್ತು?
ಬಂದೇ ಇಲ್ಲ ಕಣೆ, ಮಾರ್ಕೆಟ್ಟಿನಲ್ಲೇ ಇಲ್ಲವಂತೆ,
ನೀನು ಬಂದು ಉಂಡು ಮಲಗು.

ಸಂದಿಯ ತಿರುವಿಗೇ ವಾಸನೆ ಹೊಡೆಯಿತು, ಹಸಿನಾರಿನದು.
ಬಾಗಿಲ ಹಿಂದೆ ಒದ್ದೆ ಗೋಣಿಚೀಲ,
ಅದರ ಮೇಲೆ ಅಮ್ಮನ ಹಳೇ ಸೀರೆ ಹೊದಿಸಿದೆ,
ಮಗು ಮಲಗಿದೆ ಅನ್ನುವ ಹಾಗೆ.