ಸೋರಿಕೆ, ಒಂದು ಹಿಡಿ

ಪೊನ್ನಂಪೇಟೆಯಲ್ಲಿ ಬಸ್ಸು ಹತ್ತಿದಾಗ
ಮಡಿಲಲ್ಲಿ ಒಂದು ಬಾಟಲಿ, ಮುಚ್ಚಳ ಅರ್ಧ ತಿರುವಿದ್ದು.
ಗೋಣಿಕೊಪ್ಪಲು ದಾಟುವಷ್ಟರಲ್ಲಿ ಅದು ಬುಸ್ಸೆಂದಿತು.
ಕಂಡಕ್ಟರ್ ಮೂಗರಳಿಸಿ, "ಏನಕ್ಕಾ, ಹೆಂಡವಾ?"
"ಅಲ್ಲಪ್ಪ, ಮೀನಿನ ಊಟ."
ಆಮೇಲೆ ತಿದ್ದಿಕೊಂಡೆ: "ಊಟ ಅಲ್ಲ, ಅಡುಗೆಯವರು."
ಅವನು ಒಂದೇ ಟಿಕೆಟ್ಟು ಹರಿದ.
ಕೋಟಿ ಜನ ನಿಂತೇ ಬಂದರು
ಪಾಲಿಬೆಟ್ಟದ ತಿರುವಿನಲ್ಲಿ ಒಬ್ಬರ ಮೇಲೊಬ್ಬರು ಬೀಳುತ್ತ.

ಮಾಲ್ದಾರೆಯಲ್ಲಿ ಏಳು ನೀಲಿ ಡ್ರಮ್ಮು.
ಪಲ್ಪರ್ ಉಗುಳಿದ ಕಾಫಿ ಹಣ್ಣಿನ ಸಿಪ್ಪೆ,
ತೌಡು, ಮಿಲ್ಲಿನ ನೆಲ ಗುಡಿಸಿದ ನುಚ್ಚು,
ಕರಗಿಸಿದ ಕರಿಬೆಲ್ಲ.
ಹಿಂಡಿದರೆ ಬೆರಳ ಸಂದಿಯಲ್ಲಿ ನೀರು ತೊಟ್ಟಿಕ್ಕಬಾರದು,
ಕೈ ಬಿಚ್ಚಿದರೆ ಉಂಡೆ ಒಡೆಯಬಾರದು.
ಇಷ್ಟು ಬರೆಯಲು ನನಗೆ ಒಂದು ಪುಟ ಹಿಡಿಯಿತು.
ಕರ್ಪಿ ಒಮ್ಮೆ ಹಿಂಡಿ ನೋಡಿ ಅಂದಳು,
"ಕಡಂಬುಟ್ಟು ಕಟ್ಟುವ ಹದ."

ಮೊದಲ ಸಲ ಕೆಟ್ಟಿತು.
ಮುಚ್ಚಳ ತೆಗೆದರೆ ಕಪ್ಪು ಬೂಸು, ಸತ್ತ ಇಲಿಯ ನಾತ.
ಬೆಳ್ಯಪ್ಪನವರು ಕರವಸ್ತ್ರದೊಳಗಿಂದ
"ಗೊಬ್ಬರದ ಗುಂಡಿ ಆ ಕಡೆ" ಎಂದಷ್ಟೇ ಹೇಳಿ ಹೋದರು.

ಎರಡನೇ ಸಲ ಡ್ರಮ್ಮಿಗೆ ಗೋಣಿ ಹೊದಿಸಿದೆವು, ಡಿಸೆಂಬರಿನ ಚಳಿ.
ನಡುರಾತ್ರಿ ಎದ್ದು ಅದರ ಹೊಟ್ಟೆ ಮುಟ್ಟುತ್ತಿದ್ದೆ
ಮಗುವಿನ ಹಣೆ ಮುಟ್ಟಿದ ಹಾಗೆ.
ಇಲ್ಲಿ ಮಾತ್ರ ಜ್ವರ ಇದ್ದರೆ ನೆಮ್ಮದಿ.
ಮೊದಲ ದಿನ ಹುಳಿ. ಮೂರಕ್ಕೆ ಬೈನೆ ಕಳ್ಳು. ಐದಕ್ಕೆ ದೋಸೆ ಹಿಟ್ಟು.
ಏಳನೇ ದಿನದ ವಾಸನೆಗೆ ಹೆಸರಿಲ್ಲ,
ಗುಡುಗಿನ ಮರುದಿನ ಅಣಬೆ ಕಿತ್ತ ಬೆರಳು ಮೂಸಿದ್ದರೆ
ನಿಮಗೆ ಗೊತ್ತು.

ಇಷ್ಟು ಕಾಲ ಮೇವು ಚೀಲದಲ್ಲಿ ಬರುತ್ತಿತ್ತು.
ಮೇಲೆ ನಗುವ ಮೀನಿನ ಚಿತ್ರ, ಒಳಗೆ ಪುಡಿಯಾದ ಬೂತಾಯಿ.
ಒಣಮೀನಿನ ಮೊಯ್ದು ಚೀಲ ಮೂಸಿ ಗೊಣಗುವನು:
"ನನ್ನ ಬುಟ್ಟಿಯ ಬಡವರ ಮೀನು
ನಿಮ್ಮ ಕೆರೆಯ ಸಾವ್ಕಾರ ಮೀನಿಗೆ."

ಉಂಡೆ ಒಣಹಾಕುವಾಗ ಕರ್ಪಿ ಕೇಳಿದಳು,
"ಕಾಫಿ ತಿಂದ ಮೀನಿಗೆ ನಿದ್ದೆ ಬರ್ತದಾ?"
"ಕಹಿಯನ್ನ ಬೂಸು ಮೊದಲೇ ತಿಂದಿರ್ತದೆ.
ಎಲ್ಲ ಅಲ್ಲ. ಅದಕ್ಕೇ ಸಿಪ್ಪೆ ಕಮ್ಮಿ ಹಾಕೋದು."
"ಬಿಡಿ, ಮೀನು ಯಾವತ್ತು ರೆಪ್ಪೆ ಮುಚ್ಚಿದ್ದು!"
ನಕ್ಕಳು. ಆಮೇಲೆ ನಗಲಿಲ್ಲ.

ಅವಳು ಲೈನುಮನೆಯಲ್ಲಿ ಹುಡುಗಿಯಾಗಿದ್ದಾಗ
ಈ ಸಿಪ್ಪೆಯ ನೀರೇ ಕೆಂಪಗೆ ತೊರೆಗಿಳಿದಿತ್ತು.
ಉಸಿರು ಸಿಗದ ಕೊರವಗಳು ಮೇಲೆ ಬಂದು ಬಾಯಿ ಬಿಟ್ಟವು,
ಏಡಿಗಳು ಕಲ್ಲು ಹತ್ತಿ ಕೂತವು.
"ಆ ವಾರ ಎಲ್ಲರ ಮನೆಯಲ್ಲೂ ಮೀನು ಸಾರು.
ಮುಂದಿನ ವರ್ಷ
ಯಾರ ಮನೆಯಲ್ಲೂ ಇಲ್ಲ."

ಸಂಜೆ ಮೊದಲ ಹಿಡಿ ಎರಚಿದೆವು.
ಒಂದು ನಿಮಿಷ ಏನಿಲ್ಲ.
ಬೆಳ್ಯಪ್ಪನವರು ಗಡಿಯಾರ ನೋಡಿದರು.
ಆಮೇಲೆ ಒಂದು ಗೆಂಡೆ, ಅನುಮಾನದಿಂದ, ತುಟಿ ಚಾಚಿ,
ಉಗಿದು, ಮತ್ತೆ ತೆಗೆದುಕೊಂಡು.
ಆಮೇಲೆ ಕೆರೆಗೆ ಕೆರೆಯೇ ಕುದಿಯಿತು.

ಆ ಗಲಾಟೆಯಲ್ಲಿ ನಾನು ತಿರುಗಿ ನೋಡಿದೆ.
ಕರ್ಪಿ ಸೆರಗಿನ ಗಂಟು ಹಿಡಿದು
ಬೇಲಿ ದಾಟಿ, ತೊರೆಯ ಕಡೆಗೆ ಇಳಿಯುತ್ತಿದ್ದಳು.
ಅಲ್ಲಿ ಮೀನು ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ,
ಅವಳಿಗೂ.

ರಾತ್ರಿ ಲೆಕ್ಕದ ಪುಸ್ತಕದಲ್ಲಿ ಬರೆದೆ:
ಮೇವು, ಹನ್ನೆರಡು ಕಿಲೋ.
ಸೋರಿಕೆ, ಒಂದು ಹಿಡಿ.