ಕೊಳವೆ ತೊಳೆಯುವವಳು

ಪ್ರಾಗ್ ನಗರವನ್ನು ಎಲ್ಲರೂ ನೋಡುವುದು ಸೇತುವೆಯ ಮೇಲಿಂದ.
ನನಗೆ ಗೊತ್ತಿರುವುದು ಅದರ ನೆಲಮಾಳಿಗೆ:
ಏಳು ಡಿಗ್ರಿಯ ತಂಪು, ಬಗ್ಗಿದರಷ್ಟೇ ಬಾಗಿಲು,
ಉಕ್ಕಿನ ಪೀಪಾಯಿಗಳ ನಡುವೆ
ಒಂದು ಬಲ್ಬು, ಒಂದು ಇಲಿಬೋನು, ನಾನು.

ಎರಡು ಬಕೆಟ್ಟು. ಒಂದರಲ್ಲಿ ಕ್ಷಾರ, ಒಂದರಲ್ಲಿ ಬರೀ ನೀರು.
ಜೇಬಿನ ತುಂಬ ಸ್ಪಂಜಿನ ಗೋಲಿ.
ಕೊಳವೆಯ ಬಾಯಿಗಿಟ್ಟು ನೀರು ಬಿಟ್ಟರೆ
ಗೋಲಿ ಏರುತ್ತದೆ ಕತ್ತಲಲ್ಲಿ, ಗೋಡೆಯೊಳಗೆ,
ಹದಿನೈದು ದಿನದ ಲೋಳೆ ಬಳಿದುಕೊಂಡು
ಮೇಲೆ ನಲ್ಲಿಯಲ್ಲಿ ಪುಳಕ್ಕನೆ ಉದುರುತ್ತದೆ.
ಬಾರಿನವನು ಕಾಲಲ್ಲಿ ನೆಲ ಕುಟ್ಟುತ್ತಾನೆ: ಬಂತು.
ಇಪ್ಪತ್ತೆರಡು ವರ್ಷದಿಂದ ಈ ಊರು
ನನ್ನೊಡನೆ ಮಾತಾಡಿದ್ದು ಹೀಗೇ,
ಕುಟ್ಟಿ.

ನಾನು ಕಾಲಿಟ್ಟರೆ ಹೋಟೆಲಿಗೆ ಹೋಟೆಲೇ ನರಳುತ್ತದೆ.
ಬೊಹುಮಿಲಾ ಬಂದಳು, ಇನ್ನು ಮುಕ್ಕಾಲು ಗಂಟೆ ಬಾಯಿ ಒಣ!
ಕೈಯಲ್ಲಿದ್ದ ಗ್ಲಾಸನ್ನು
ಮಗುವಿನ ಹಾಗೆ ಅವುಚಿಕೊಳ್ಳುತ್ತಾರೆ.
ತೊಳೆಯದಿದ್ದರೂ ಬೈಯುವವರು ಅವರೇ.

ಸ್ಮಿಖೋವಿನಲ್ಲಿ ಬೆಳಿಗ್ಗೆ ಆರಕ್ಕೆ ಮಾಲ್ಟು ಬೇಯುತ್ತದೆ,
ಟ್ರಾಮಿನ ತುಂಬ ಬ್ರೆಡ್ಡಿನ ವಾಸನೆ, ಬ್ರೆಡ್ಡಿಲ್ಲ.
ಕಾರ್ಲಿನಿನಲ್ಲಿ ಹಂಡೆಗೆ ಗಾಜಿನ ಗೋಡೆ,
ಗಡ್ಡದ ಹುಡುಗರು ಬಿಯರಿಗೆ ಮಾವು ಹಾಕುತ್ತಾರೆ,
ಕಾಫಿ ಹಾಕುತ್ತಾರೆ, ಪೈನ್ ಮರದ ಚಿಗುರು ಹಾಕುತ್ತಾರೆ.
ತಪ್ಪೆಂದು ನಾನೇಕೆ ಅನ್ನಲಿ?
ಕೊಳವೆ ಕಟ್ಟುತ್ತದೆ, ನನಗೆ ಕೂಲಿ ಹೆಚ್ಚು.

ಜಿಷ್ಕೋವಿನ ಏರಿನಲ್ಲಿ ‘ಕುಂಟ ಬಾತು’.
ವಾವ್ರಿನೆಟ್ಸ್ ಮೂವತ್ತೊಂದು ವರ್ಷ ನಡೆಸಿದ.
ಕೂತರೆ ಸಾಕು, ಕೇಳದೆಯೇ ಬಿಯರು ಬರುತ್ತಿತ್ತು.
ಚೀಟಿಯ ಮೇಲೆ ಗ್ಲಾಸಿಗೊಂದು ಗೀಟು,
ಸಾಕಾದವನು ಗ್ಲಾಸಿನ ಬಾಯಿಗೆ ರಟ್ಟು ಮುಚ್ಚಬೇಕು;
‘ಸಾಕು’ ಎಂಬ ಮಾತು ಅಲ್ಲಿ ಯಾರೂ ಆಡಿದ್ದು ಕೇಳಿಲ್ಲ.
ಮೊಣಕಾಲು ಹೋಯಿತು. ಮಾರಿದ.
ಏಪ್ರಿಲ್ ಪೂರ್ತಿ ಕಿಟಕಿಗೆ ಪತ್ರಿಕೆ ಅಂಟಿಸಿತ್ತು.

ಮೇ ತಿಂಗಳು ಫೋನು: ಖ್ವೇ ಅಂತ, ಹೊಸ ಮಾಲೀಕ,
ನೂಡಲ್ ಸಾರಿನ ಅಂಗಡಿ,
ನಲ್ಲಿ ಮಾತ್ರ ಕಿತ್ತಿಲ್ಲ, ನೀವು ಬರುತ್ತೀರಾ?

ಹೋದೆ. ಎಲುಬಿನ ಸಾರು ಕುದಿಯುತ್ತಿತ್ತು.
ಚಕ್ರಮೊಗ್ಗಿನ ಘಮಕ್ಕೆ ಬಾಗಿಲಲ್ಲೇ ಸಿಕ್ಕಿಬಿದ್ದಿದ್ದ
ಓಲ್ದ್ರಿಖ್, ಟ್ರಾಮ್ ಡಿಪೋದ ನಿವೃತ್ತ ಫಿಟ್ಟರ್,
ಒಳಗೆ ಬರಲಾರ, ಹೋಗಲಾರ.
ಕೊನೆಗೆ ಹಳೇ ಮೂಲೆಗೆ ಬಂದು ಕೂತ,
ಅಳತೆ ತೆಗೆಯಲು ಬಂದವನಂತೆ.

ಖ್ವೇಯ ಮಗಳು ಜಿಯೆಪ್, ಹತ್ತೊಂಬತ್ತಿರಬಹುದು.
ಇದೇ ಬೀದಿಯಲ್ಲಿ ಬೆಳೆದವಳು, ಇದೇ ಬೀದಿಯ ಬೈಗುಳ.
ಗ್ಲಾಸನ್ನು ತಣ್ಣೀರಲ್ಲಿ ಜಾಲಿಸಿದಳು. ಓರೆ ಹಿಡಿದಳು.
ನಲ್ಲಿ ಪೂರ್ತಿ ತೆರೆದಳು, ಹೆದರದೆ.
ಮೂರು ಬೆರಳಿನ ನೊರೆ, ಒದ್ದೆ, ಗಟ್ಟಿ.
ಕೇಳಲಿಲ್ಲ, ತಂದಿಟ್ಟಳು, ಗೀಟೆಳೆದಳು.

ಓಲ್ದ್ರಿಖ್ ಕುಡಿದ. ಮೀಸೆ ಒರೆಸಿದ.
ಚೀಟಿ ನೋಡಿದ.
“ಗೀಟು ಸೊಟ್ಟಗಿದೆ.”
“ವಾವ್ರಿನೆಟ್ಸನದು ನೆಟ್ಟಗಿತ್ತಾ?”
“ಇರಲಿಲ್ಲ,” ಅಂದ.
ಎರಡನೆಯದು ಬಂತು.

ಆಮೇಲೆ ನಾನು ಕೆಳಗಿಳಿದೆ.
ಪೀಪಾಯಿಯ ಪಕ್ಕ ಈಗ ಅಕ್ಕಿಯ ಮೂಟೆ,
ಮೀನಿನ ರಸದ ಡಬ್ಬ. ಇಲಿಬೋನು ಹೊಸದು.
ಗೋಲಿ ಬಿಟ್ಟೆ. ಕಾದೆ.
ಕುಟ್ಟುವ ಸದ್ದಿಲ್ಲ.
ಸಿಕ್ಕಿಕೊಂಡಿತೆಂದುಕೊಂಡೆ, ಬಳುಕಿನ ಹತ್ತಿರ
ಕೊಳವೆಗೆ ಕಿವಿ ಇಟ್ಟೆ.

ಮೆಟ್ಟಿಲಲ್ಲಿ ಚಪ್ಪಲಿ. ಜಿಯೆಪ್ ಬಗ್ಗಿ ಬಂದಳು,
ಅಂಗೈಯಲ್ಲಿ ಗೋಲಿ, ತೊಳೆದು ಹಿಂಡಿದ್ದು.
“ಇದು ನಿಮ್ಮದಲ್ವಾ?”

ಇಪ್ಪತ್ತೆರಡು ವರ್ಷ, ನಾಲ್ಕು ನೂರು ಕೊಳವೆ,
ಗೋಲಿಗಳೆಲ್ಲ ಎಲ್ಲಿ ಹೋಗುತ್ತಿದ್ದವೆಂದು
ನಾನು ಕೇಳಿರಲೇ ಇಲ್ಲ. ಮೋರಿಗೆ ಇರಬೇಕು.

ಇನ್ನೊಂದು ಕೈಯಲ್ಲಿ ಗ್ಲಾಸು: ತೊಳೆದ ಕೊಳವೆಯ ಮೊದಲ ಪಾಲು,
ಬರೀ ನೊರೆ. ಇಲ್ಲಿ ಅದಕ್ಕೆ ಹಾಲು ಅನ್ನುತ್ತಾರೆ.
ಕೆಲಸದಲ್ಲಿ ಕುಡಿಯುವುದಿಲ್ಲ ಅಂತ ಹೇಳಬೇಕಿತ್ತು.
ಬಾಯಲ್ಲಿ ನೊರೆ ಇತ್ತು.