ಕಲಾದಗಿ ಸ್ಟಾಪ್

ಗದ್ದನಕೇರಿ ಕ್ರಾಸಿನ ತನಕ ನನಗೇನೂ ತ್ರಾಸಿಲ್ಲ.
ತುಳಸಿಗೇರಿ ಅಂತೂ ತಾನಾಗೇ ಬರ್ತೈತಿ, ಕೈ ಮುಗಿಯೋ ಮಂದಿ
ನಾ ಅನ್ನೂಕಿಂತ ಮೊದಲ ಕಿಡಕಿಗೆ ಮಾರಿ ತಿರುವಿರ್ತಾರ.
ಅದರ ಮುಂದಿನ ಊರ ನನ್ನ ವೈರಿ.
ಆ ಊರಿನ ಮೊದಲನೇ ಅಕ್ಷರ
ನಾಲಿಗಿ ಬುಡದಾಗ ಕುಂತು, ಬಾಗಲಾ ಮುಚ್ಚಿ,
ಒಳಗಿಂದ ಅಗಳಿ ಹಾಕ್ಕೋತೈತಿ.

ಕ.

ನನ್ನ ಹೆಸರೂ ಅದರಿಂದನ ಸುರು. ಕಸ್ತೂರಿ.
ಯಾರರ ಕೇಳಿದ್ರ ನೋಟುಬುಕ್ಕಿನ ಲೇಬಲ್ ತೋರಸ್ತಿದ್ದೆ.
ಅಂಗಡ್ಯಾಗ ಕಡ್ಲಿಬ್ಯಾಳಿ ಬೇಕಾದ್ರ ಬೆರಳು ಮಾಡ್ತಿದ್ದೆ,
ಅಂವ ತೊಗರಿ ಕಟ್ಟಿಕೊಟ್ರ ತೊಗರೀನ ತಂದು
ಅವ್ವನ ಕಡೆ ಬೈಸ್ಕೋತಿದ್ದೆ.
ಕಂಡಕ್ಟರ್ ಕೆಲಸಕ್ಕ ಅರ್ಜಿ ಹಾಕಿದ ದಿನ ಅಣ್ಣ ನಕ್ಕ:
"ನೌಕರಿ ಹೆಸರರ ಅನ್ನು ನೋಡೋಣು!"

ಎಂಟು ತಿಂಗಳು ಮೋಸ ಮಾಡೇ ನಡೆಸಿದೆ.
"ದಾಳಿಂಬ್ರಿ ಊರು ಬಂತ್ರೀ" ಅಂತಿದ್ದೆ, ಮಂದಿ ನಗ್ತಿದ್ರು,
ಚಾಷ್ಟಿ ಹುಡುಗಿ ಅಂದ್ಕೊಂಡ್ರು.
ಅದೂ ಆಗದ ದಿನ ಬರೇ ಸೀಟಿ.
ಸೀಟಿಗೆ ಯಾವ ಅಕ್ಷರದ ಹಂಗೂ ಇಲ್ಲ.

ಆವತ್ತು ಕಣ್ಣಿಗೆ ಹಸರ ಪಟ್ಟಿ ಕಟ್ಟಿದ ಮುದುಕ,
ಬಾಗಲಕೋಟಿ ದವಾಖಾನಿಯಿಂದ ಒಬ್ಬನ ಹೊಂಟಿದ್ದ.
"ಕಲಾದಗಿ ಬಂದ್ರ ಹೇಳವ್ವಾ" ಅಂದ.
ನಾ ಗೋಣು ಹಾಕಿದೆ.
ಕಣ್ಣು ಕಟ್ಟಿದವಗ ಗೋಣು!
ಬಾಗಲದಾಗ ಕಾಲೇಜು ಹುಡುಗರ ಗದ್ದಲ,
ದಾಳಿಂಬ್ರಿ ಅನ್ನಾಕೂ ಮಾರಿ ಇರಲಿಲ್ಲ.
ಸೀಟಿ ಊದಿದೆ. ದಸ್ತಗೀರಣ್ಣ ನಿಲ್ಲಿಸಿದ, ಬಿಟ್ಟ.
ಆಮ್ಯಾಲ ಎಷ್ಟೋ ಹೊತ್ತಿಗೆ ಹಿಂದಿನ ಸೀಟಿನಿಂದ ಮೆತ್ತಗ:
"ಇನ್ನೂ ಬಂದಿಲ್ಲೇನವ್ವಾ ನಮ್ಮೂರು?"

ಲೋಕಾಪುರದಾಗ ಕೈ ಹಿಡಿದು ಇಳಿಸಿದೆ,
ತಿರುಗಿ ಹೋಗೂ ಬಸ್ಸಿಗೆ ನನ್ನ ರೊಕ್ಕದ ಟಿಕೇಟು.
ತಪ್ಪಾತು ಅನ್ನೂದು ಬಿಟ್ಟು ಕ್ಷಮಿಸ್ರಿ ಅನ್ನಾಕ ಹೋದೆ,
ಅದರೊಳಗೂ ಅದ ಕಳ್ಳ ಕುಂತಿದ್ದ.
ಮುದುಕ ಕಿವಿ ನನ್ನ ಕಡೆ ಹೊಳ್ಳಿಸಿ
ಕಾದ. ಪೂರಾ ಕಾದ. ಆಮ್ಯಾಲ ಅಂದ:
"ಅರ್ಧಾ ಕೂಗಿದ್ರೂ ಸಾಕಿತ್ತಲ್ಲವ್ವಾ.
ಉಳಿದರ್ಧಾ ನಮ್ಮೂರು, ನಮಗ ಗೊತ್ತೈತಿ."

ಆ ರಾತ್ರಿ ಮುಧೋಳ ಡಿಪೋದಾಗ
ಖಾಲಿ ಬಸ್ಸಿನ ಮುಂದ ನಿಂತು ಕೂಗಿ ನೋಡಿದೆ.
ಬರಲಿಲ್ಲ. ಸುಳ್ಳು ಯಾಕ ಹೇಳ್ಲಿ.
ಒಂದು ನಾಯಿ ಎದ್ದು ಬ್ಯಾರೆ ಕಡೆ ಹೋಗಿ ಮಲಕೊಂಡ್ತು.

ಮುಂಜಾನೆ ಮೊದಲನೇ ಬಸ್ಸು. ಹಾಲಿನ ಕ್ಯಾನು, ಮಾಸ್ತರು,
ತೊಡಿ ಮ್ಯಾಲ ಕೂಸು ಮಲಗಿಸಿಕೊಂಡ ಬಾಣಂತಿ.
ಲೋಕಾಪುರ ದಾಟಿದ್ದ ತಡ ಅಂಗೈ ಬೆವರಿ
ಟಿಕೇಟಿನ ಮಷೀನು ಜಾರಿತು.
ಬಾಯಿ ತೆಗೆದೆ.
ಕ, ಕ, ಕ್
ಯಾರೋ ಪಿಸಕ್ಕಂತ ನಕ್ಕರು. ಯಾರೋ "ಪಾಪ" ಅಂದರು,
ನಗೂಕಿಂತ ಅದ ಹೆಚ್ಚು ಚುಚ್ಚಿತು.
ದಾಳಿಂಬ್ರಿ ನಾಲಿಗಿ ತುದಿಗೆ ಬಂದು ನಿಂತಿತ್ತು, ಸಿಹಿಯಾಗಿ,
ನುಂಗಿಬಿಟ್ಟೆ.
ಓಡಬಾರದು ಅಂತ ಆ ಅಕ್ಷರದ ಮ್ಯಾಲನ ಕಾಲೂರಿ ನಿಂತೆ,
ಬಾಗಲಾ ಬಡದೆ, ಬಡದೆ, ಬಡದೆ.
ಕ... ಕಲಾ...
ದಗಿ.

ಒಡದ ಶಬ್ದದ ಮ್ಯಾಲ ಬಸ್ಸು ನಿಂತಿತು.
ಆರು ಮಂದಿ, ಎರಡು ಕ್ಯಾನು, ಒಂದು ಕೂಸು
ಎಲ್ಲಾ ಇಡಿಯಾಗೇ ಇಳಿದವು.
ಯಾರೂ ಅರ್ಧ ಇಳೀಲಿಲ್ಲ.

ಅಂಜಿಕಿ ಬಸ್ಸು ಬಿಟ್ಟು ಹೋಗಿಲ್ಲ.
ಆಕಿಯೂ ಹೆಣ್ಣುಮಗಳು, ದಿನಾ ಹತ್ತತಾಳ,
ಆಧಾರ ಕಾರ್ಡು ತೋರಸ್ತಾಳ,
ನಾನೂ ಶೂನ್ಯದ ಟಿಕೇಟು ಹರಿದು ಕೊಡ್ತೇನಿ.
ಸರದು ಕುಂದ್ರವ್ವಾ ಅಂತೇನಿ, ಬಾಗಲಾ ಬಿಟ್ಟು.

ನಿನ್ನೆ ಒಬ್ಬಾಕಿ ಮುದುಕಿ, ಎಲಿ ಅಡಕಿ ಸಂಚಿ ಬಿಚ್ಚುತ್ತ
"ನಿನ್ನ ಹೆಸರೇನ ತಂಗಿ?" ಅಂದ್ಲು.
ಬಸ್ಸು ಏರು ಹತ್ತತಿತ್ತು.
"ಕ" ಅಂದೆ.
ಆಕಿಗೆ ಎಲ್ಲೂ ಅವಸರ ಇರಲಿಲ್ಲ.